ಶಾಲೆಯ ಸ್ಥಳಾಂತರದ ವಿವಾದ: ಎರಡು ಬಡಾವಣೆಗಳು ಕೂತು ಬಗೆಹರಿಸಿಕೊಳ್ಳುವ ಬಗೆ

ಸರ್ಕಾರಿ ಶಾಲೆಯೊಂದನ್ನು ಬೇರೆ ಬಡಾವಣೆಗೆ ಸ್ಥಳಾಂತರಿಸುವ ಪ್ರಸ್ತಾವ ಬಂದಾಗ ಅನುಕೂಲಸ್ಥ ಕುಟುಂಬಗಳು ಸಾಮಾನ್ಯವಾಗಿ ಕಟ್ಟಡದ ಬಗ್ಗೆ ಮಾತನಾಡುತ್ತವೆ, ದಿನಗೂಲಿಯ ಕುಟುಂಬಗಳು ದಾರಿಯ ಬಗ್ಗೆ ಮಾತನಾಡುತ್ತವೆ. ಎರಡೂ ನಿಜವಿರಬಹುದು. ಆದರೆ ಒಂದು ಕಡೆಯವರ ಮಾತು ನಕ್ಷೆ ಮತ್ತು ಅಂದಾಜುಪಟ್ಟಿಯ ರೂಪದಲ್ಲಿ ಬಂದು ಕಡತ ಸೇರುತ್ತದೆ. ಇನ್ನೊಂದು ಕಡೆಯವರ ಮಾತು ಅಳಲಾಗಿ ಬಂದು ಸಭೆ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ. ಆದ್ದರಿಂದ ಮಧ್ಯಸ್ಥಿಕೆ ವಹಿಸುವವರು ಸಭೆ ಕರೆಯುವುದಕ್ಕೆ ಮೊದಲೇ ಮಕ್ಕಳು ನಡೆಯಬೇಕಾದ ದಾರಿಯನ್ನು ಅಳೆದು ಕಾಗದಕ್ಕೆ ಇಳಿಸಬೇಕು.

ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ದಾಖಲಾತಿ ಪುಸ್ತಕದಿಂದ ಮಕ್ಕಳ ಹೆಸರು ಬಿಟ್ಟು ಬೀದಿಗಳನ್ನಷ್ಟೇ ಬರೆದುಕೊಳ್ಳಿ, ನಕ್ಷೆಯ ಮೇಲೆ ಮಗುವಿಗೊಂದು ಚುಕ್ಕೆಯಂತೆ ಗುರುತು ಹಾಕಿ. ಬಳಿಕ ಅತಿ ದೂರದ ಚುಕ್ಕೆಯಿಂದ ಹೊಸ ಜಾಗದವರೆಗೆ, ಶಾಲೆ ಶುರುವಾಗುವ ಹೊತ್ತಿಗೇ, ಒಂದನೇ ತರಗತಿಯ ಮಗು ಮತ್ತು ಅದರ ತಾಯಿಯ ಜೊತೆ ನಡೆದು ನೋಡಿ. ಮಗುವಿನ ಹೆಜ್ಜೆಗೆ ತಕ್ಕಂತೆಯೇ ನಡೆದು ಹಿಡಿದ ಸಮಯವನ್ನು ಗುರುತು ಮಾಡಿ. ಕಾಲುದಾರಿ ಎಲ್ಲಿ ಮುಗಿದು ವಾಹನಗಳ ಪಕ್ಕಕ್ಕೇ ಇಳಿಯಬೇಕಾಯಿತು, ದೊಡ್ಡ ರಸ್ತೆ ದಾಟಲು ಎಷ್ಟು ನಿಮಿಷ ಕಾಯಬೇಕಾಯಿತು, ಮಗು ಬೆನ್ನಿನ ಚೀಲವನ್ನು ಎಲ್ಲಿ ತಾಯಿಯ ಕೈಗೆ ಕೊಟ್ಟಿತು ಎಂಬುದನ್ನೆಲ್ಲ ಬರೆಯಿರಿ. ಮಗುವನ್ನು ಬಿಟ್ಟು ತಾಯಿ ಕೆಲಸಕ್ಕೆ ಎಷ್ಟು ಹೊತ್ತಿಗೆ ತಲುಪುತ್ತಾಳೆಂದೂ ಕೇಳಿ, ಏಕೆಂದರೆ ಅರ್ಧ ಗಂಟೆ ತಡವಾದರೆ ಅರ್ಧ ದಿನದ ಕೂಲಿ ಹೋಗುವ ಮನೆಯಲ್ಲಿ ಈ ದೂರ ಸಂಪಾದನೆಯನ್ನೇ ಕತ್ತರಿಸುತ್ತದೆ. ವಾಹನವಿರುವವರಿಗೆ ಇದೇ ದೂರ ಗಮನಕ್ಕೂ ಬರುವುದಿಲ್ಲ. ಅದು ಅವರ ದುರುದ್ದೇಶವೆಂದು ನಾನು ಭಾವಿಸುವುದಿಲ್ಲ. ಆ ಬಡಾವಣೆಯವರಲ್ಲಿ ಒಬ್ಬರನ್ನಾದರೂ ಈ ನಡಿಗೆಗೆ ಕರೆದುಕೊಂಡು ಹೋಗಿ.

ಭಾರತದಲ್ಲಿ ಈ ಅಳತೆಗೆ ಕಾನೂನಿನ ಬಲವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ಸರ್ಕಾರ 2010ರಲ್ಲಿ ರೂಪಿಸಿದ ನಿಯಮಗಳು 1ರಿಂದ 5ನೇ ತರಗತಿಯ ಮಕ್ಕಳಿಗೆ 1 ಕಿಲೋಮೀಟರ್, 6ರಿಂದ 8ನೇ ತರಗತಿಯವರಿಗೆ 3 ಕಿಲೋಮೀಟರ್ ಎಂಬ ಮಿತಿಯನ್ನು ಹಾಕಿವೆ. ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯವಿದ್ದರೆ ಈ ಮಿತಿಯನ್ನು ಇನ್ನೂ ತಗ್ಗಿಸಬೇಕೆಂಬ ಮಾತೂ ಅವುಗಳಲ್ಲಿದೆ. ರಾಜ್ಯಗಳು ತಮ್ಮದೇ ನಿಯಮ ಮಾಡಿಕೊಂಡಿರುವುದರಿಂದ ನಿಮ್ಮ ರಾಜ್ಯದ ಪಠ್ಯವನ್ನು ಕೈಯಲ್ಲಿ ಹಿಡಿದೇ ಮಾತನಾಡಿ. ಇದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು ಮತ್ತು ಅರ್ಧದಷ್ಟು ಮಹಿಳೆಯರು ಇರಬೇಕು, ದುರ್ಬಲ ವರ್ಗದ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯವಿರಬೇಕು. ಸ್ಥಳಾಂತರಕ್ಕೆ ಒಪ್ಪಿಗೆ ಕೊಟ್ಟಿತೆಂದು ಹೇಳಲಾಗುವ ಸಮಿತಿ ಹಾಗಿತ್ತೇ ಎಂಬುದನ್ನು ನಡಾವಳಿ ಪುಸ್ತಕ ನೋಡಿಯೇ ಖಚಿತಪಡಿಸಿಕೊಳ್ಳಿ. ಕಟ್ಟಡ ಶಿಥಿಲವಾಗಿದೆ ಎಂಬ ಕಾರಣ ಕೊಟ್ಟಿದ್ದರೆ ಎಂಜಿನಿಯರ್ ವರದಿಯನ್ನೂ ದುರಸ್ತಿಯ ಅಂದಾಜುಪಟ್ಟಿಯನ್ನೂ ಮಾಹಿತಿ ಹಕ್ಕಿನಡಿ ಕೇಳಿ. 30 ದಿನಗಳೊಳಗೆ ಉತ್ತರ ಬರಬೇಕು. ಕಟ್ಟಡ ನಿಜವಾಗಿಯೂ ಅಪಾಯಕಾರಿಯಾಗಿದ್ದರೆ ಅದನ್ನು ಒಪ್ಪಿಕೊಳ್ಳಿ. ಮಕ್ಕಳ ತಲೆಯ ಮೇಲಿನ ಚಾವಣಿಯ ವಿಷಯದಲ್ಲಿ ಹಟ ಸಲ್ಲದು.

ಇಷ್ಟಾದ ಮೇಲೆ ಸಭೆ. ಕೂಲಿ ಕೆಲಸ ಮುಗಿಯುವ ಹೊತ್ತು ನೋಡಿ ಸಮಯ ಗೊತ್ತುಮಾಡಿ; ಒಂದು ಸಭೆ ಒಂದು ಬಡಾವಣೆಯಲ್ಲಿ, ಇನ್ನೊಂದು ಮತ್ತೊಂದರಲ್ಲಿ ನಡೆಯಲಿ. ನಡಿಗೆಯ ಟಿಪ್ಪಣಿಯನ್ನು ಮೊದಲು ಓದಿ, ಅತಿ ದೂರದ ಮನೆಯವರಿಗೆ ಮೊದಲು ಮಾತನಾಡಲು ಬಿಡಿ. ಇಲ್ಲಿ ಎಲ್ಲರ ಮನಸ್ಸಿನಲ್ಲಿದ್ದರೂ ಯಾರೂ ಬಾಯಿಬಿಟ್ಟು ಹೇಳದ ಒಂದು ಅಳುಕಿರುತ್ತದೆ: ಆ ಕಡೆಯ ಮಕ್ಕಳು ಬಂದರೆ ನಮ್ಮ ಮಕ್ಕಳ ಓದು ಕೆಡುತ್ತದೆ ಎಂಬುದು. ಅದನ್ನು ಆಡಿದವರನ್ನು ಗದರಿಸಿದರೆ ಅದು ಸಭೆಯಿಂದ ಹೊರಗೆ ಹೋಗಿ ಬಲಿಯುತ್ತದೆ. ಬದಲಿಗೆ ಏನು ಕೆಡುತ್ತದೆಂದು ಬಿಡಿಸಿ ಹೇಳಲು ಕೇಳಿ. ತರಗತಿ ಕಿಕ್ಕಿರಿಯುತ್ತದೆ, ಶಿಕ್ಷಕರು ಸಾಲುವುದಿಲ್ಲ ಎಂಬ ಉತ್ತರ ಬಂದರೆ, ಕೊಠಡಿ ಮತ್ತು ಶಿಕ್ಷಕರ ಬೇಡಿಕೆಯನ್ನು ಎರಡೂ ಬಡಾವಣೆಯವರು ಒಟ್ಟಾಗಿಯೇ ಸರ್ಕಾರದ ಮುಂದಿಡಬಹುದು. ಒಂದು ಪ್ರದೇಶದ ಎಲ್ಲ ವರ್ಗದ ಮಕ್ಕಳೂ ನೆರೆಹೊರೆಯ ಒಂದೇ ಶಾಲೆಯಲ್ಲಿ ಓದಬೇಕೆಂದು ದೇಶದ ಶಿಕ್ಷಣ ವ್ಯವಸ್ಥೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ನೇಮಿಸಿದ್ದ 1964–66ರ ಕೊಠಾರಿ ಆಯೋಗ ಶಿಫಾರಸು ಮಾಡಿತ್ತೆಂಬುದನ್ನೂ ಅಲ್ಲಿ ನೆನಪಿಸಿ.

ಪೂರ್ತಿ ಹೋಗುವುದು ಅಥವಾ ಪೂರ್ತಿ ಉಳಿಯುವುದು ಎಂಬ ಎರಡೇ ದಾರಿಗಳಿಗೆ ಚರ್ಚೆ ಸಿಕ್ಕಿಕೊಳ್ಳಬಾರದು. ಚಿಕ್ಕ ತರಗತಿಗಳನ್ನು ಹಳೆಯ ಜಾಗದಲ್ಲೇ ಉಳಿಸಿ ದೊಡ್ಡ ತರಗತಿಗಳನ್ನಷ್ಟೇ ಸಾಗಿಸಬಹುದು, ಕಟ್ಟಡವನ್ನು ಭಾಗಭಾಗವಾಗಿ ದುರಸ್ತಿ ಮಾಡಬಹುದು. ಸಾಗಿಸಲೇಬೇಕಾದರೆ ವಾಹನ ಸೌಲಭ್ಯ ಎಷ್ಟು ವರ್ಷ, ಬಜೆಟ್ಟಿನ ಯಾವ ಲೆಕ್ಕಶೀರ್ಷಿಕೆಯ ಹಣದಿಂದ ಎಂಬುದು ಆದೇಶದಲ್ಲೇ ಬರೆದಿರಬೇಕು. ತೆರವಾಗುವ ಜಾಗದ ಮುಂದಿನ ಬಳಕೆಯೂ ಅದರಲ್ಲಿರಬೇಕು; ಬೆಲೆಬಾಳುವ ನಿವೇಶನದ ಬಗ್ಗೆ ಮೌನವಾಗಿರುವ ಆದೇಶವನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಅಮೆರಿಕದ ಷಿಕಾಗೋ ನಗರ 2013ರಲ್ಲಿ ಸುಮಾರು 50 ಸರ್ಕಾರಿ ಶಾಲೆಗಳನ್ನು ಮುಚ್ಚಿತು. ಹೆಚ್ಚಿನ ಪೆಟ್ಟು ಬಿದ್ದದ್ದು ಬಡ ಕಪ್ಪು ಜನರ ಬಡಾವಣೆಗಳ ಮಕ್ಕಳಿಗೆ. ನಂತರದ ಅಧ್ಯಯನದಲ್ಲಿ ಆ ಮಕ್ಕಳ ಕಲಿಕೆ ಎದ್ದುಕಾಣುವಂತೆ ಕುಗ್ಗಿದ್ದು ಘೋಷಣೆಯ ವರ್ಷದಲ್ಲೇ, ಅಂದರೆ ಅವರಿನ್ನೂ ಹಳೆಯ ಶಾಲೆಯಲ್ಲಿದ್ದಾಗಲೇ ಎಂದು ಕಂಡುಬಂತು. ಹಾಗಾಗಿ ಪರೀಕ್ಷೆಯ ಹೊಸ್ತಿಲಲ್ಲಿ ಪ್ರಕಟಣೆ ಬೇಡವೆಂದೂ ತೀರ್ಮಾನವನ್ನು ತಿಂಗಳುಗಟ್ಟಲೆ ತೂಗಿಡಬೇಡಿರೆಂದೂ ಅಧಿಕಾರಿಗಳನ್ನು ಒತ್ತಾಯಿಸಿ. ಅಲ್ಲಿ ಮಕ್ಕಳು ಹೊಸ ಶಾಲೆಗೆ ನಡೆದುಹೋಗುವ ದಾರಿಯುದ್ದಕ್ಕೂ ಹಿರಿಯರನ್ನು ಕಾವಲಿಗೆ ನಿಲ್ಲಿಸುವ ವ್ಯವಸ್ಥೆಯನ್ನೂ ಮಾಡಲಾಗಿತ್ತು. ನಿಮ್ಮ ನಡಿಗೆಯ ಟಿಪ್ಪಣಿಯಲ್ಲಿ ಗುರುತಿಸಿದ ಅಪಾಯದ ತಾಣಗಳಲ್ಲಿ ಎರಡೂ ಬಡಾವಣೆಯವರು ಸರದಿಯ ಮೇಲೆ ಹೀಗೆ ನಿಲ್ಲಬಹುದು.

ಶಾಲೆ ಸ್ಥಳಾಂತರವಾದ ಬಳಿಕ ಮೊದಲ ಮೂರು ತಿಂಗಳು ಪ್ರತಿ ವಾರ ಹಾಜರಾತಿಯನ್ನು ಹಳೆಯ ನಕ್ಷೆಯ ಚುಕ್ಕೆಗಳ ಜೊತೆ ಹೋಲಿಸಿ ನೋಡಿ. ಯಾವ ಬೀದಿಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎರಡು ವಾರ ಕಾಣಿಸಲಿಲ್ಲವೋ ಆ ಬೀದಿಗೆ ಸಮಿತಿಯ ಇಬ್ಬರು, ಒಂದೊಂದು ಬಡಾವಣೆಯಿಂದ ಒಬ್ಬೊಬ್ಬರು, ಜೊತೆಯಾಗಿ ಹೋಗಿ ಮನೆಯವರನ್ನು ಮಾತನಾಡಿಸಬೇಕು.