ಅತ್ತೆ, ನೈಟ್ ಮಾರ್ಕೆಟ್ ಮತ್ತು ಈರುಳ್ಳಿ ಸೊಪ್ಪು

ನೈಟ್ ಮಾರ್ಕೆಟ್‌ಗೆ ಮೊದಲ ಸಲ ಹೋದಾಗ ಅತ್ತೆ ತಿಂದದ್ದು ಒಂದು ಸುಟ್ಟ ಜೋಳದ ತೆನೆ, ಅಷ್ಟೇ. ಮಗ ಹಸಿವಿಗೆ ಅಳುತ್ತಿದ್ದ, ಮಗಳು ಹೊಗೆಗೆ ಕೆಮ್ಮುತ್ತಿದ್ದಳು, ನನ್ನವರು ಅರ್ಧ ಗಂಟೆ ಸರದಿಯಲ್ಲಿ ನಿಂತು ತಂದ ನೂಡಲ್ಸ್‌ನ ತಳದಲ್ಲಿ ಸೀಗಡಿ ಮಲಗಿತ್ತು. ರಾತ್ರಿ ಎಂಟಕ್ಕೆ, ಎಲ್ಲರೂ ಹಸಿದುಕೊಂಡು, ಏನು ಸಿಗುತ್ತದೆಂದು ವಿಚಾರಿಸದೆ ಹೋದದ್ದು ನಮ್ಮದೇ ತಪ್ಪು. ಮರುವರ್ಷ ಅತ್ತೆ ಬಸವನಗುಡಿಯಿಂದ ಮತ್ತೆ ಬಂದಾಗ ನಾನು ಹಟ ಹಿಡಿದು ಇನ್ನೊಮ್ಮೆ ಹೊರಡಿಸಿದೆ.

ನಾನು ಹೇಳುತ್ತಿರುವುದು ಲಾಸ್ ಏಂಜಲೀಸ್ ಪಕ್ಕದ ಆರ್ಕೇಡಿಯಾದಲ್ಲಿ, ಸಾಂಟಾ ಅನೀಟಾ ಕುದುರೆ ಪಂದ್ಯದ ಮೈದಾನದಲ್ಲಿ ನಡೆಯುವ 626 ನೈಟ್ ಮಾರ್ಕೆಟ್ ವಿಷಯ. 626 ಎಂದರೆ ಸ್ಯಾನ್ ಗೇಬ್ರಿಯಲ್ ಕಣಿವೆಯ ಟೆಲಿಫೋನ್ ಕೋಡ್. ಚೀನಾ, ತೈವಾನ್, ವಿಯೆಟ್ನಾಮ್ ಮೂಲದವರು ದಟ್ಟವಾಗಿ ನೆಲೆಸಿರುವ ಪ್ರದೇಶ ಅದು. ತೈವಾನಿನ ರಾತ್ರಿ ಸಂತೆಗಳನ್ನು ನೋಡಿ 2012ರಲ್ಲಿ ಪಸಾಡೀನಾದಲ್ಲಿ ಇದನ್ನು ಆರಂಭಿಸಿದಾಗ ಮೊದಲ ದಿನವೇ ಜನ ಮುಗಿಬಿದ್ದು ರಸ್ತೆಗಳು ಕಟ್ಟಿಕೊಂಡವಂತೆ. ವಿ.ವಿ. ಪುರದ ತಿಂಡಿ ಬೀದಿಯನ್ನು ಹತ್ತು ಪಾಲು ಹಿಗ್ಗಿಸಿ, ದೋಸೆ ಕಾವಲಿಯ ಜಾಗದಲ್ಲಿ ಇದ್ದಿಲ ಒಲೆಗಳನ್ನಿಟ್ಟು, ಕಡ್ಡಿಗೆ ಚುಚ್ಚಿದ ಸ್ಕ್ವಿಡ್ ಬೇಯಿಸಿದರೆ ಹೇಗಿರುತ್ತದೆಯೋ ಹಾಗಿರುತ್ತದೆ.

ಎರಡನೆಯ ಸಲ ಮನೆಯಲ್ಲೇ ಎಲ್ಲರಿಗೂ ಒಂದೊಂದು ಹಿಡಿ ಮೊಸರನ್ನ ಹಾಕಿದೆ. ಹೊಟ್ಟೆ ತುಂಬುವಷ್ಟಲ್ಲ, ಕೋಪ ಬರದಿರುವಷ್ಟು. ನಾವಿರುವ ಸೆರಿಟೋಸ್‌ನಿಂದ 605 ಹೆದ್ದಾರಿಯಲ್ಲಿ ಉತ್ತರಕ್ಕೆ, ಆಮೇಲೆ 210 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ, ಬಾಗಿಲು ತೆರೆಯುವ ಹೊತ್ತಿಗೇ ತಲುಪಿದೆವು. ಬಿಸಿಲು ಇನ್ನೂ ಇಳಿದಿರಲಿಲ್ಲ, ಡಾಂಬರು ಕಾದಿತ್ತು. ಅತ್ತೆಯ ಕೊಡೆ ಆಗ ಉಪಯೋಗಕ್ಕೆ ಬಂತು. ಚೀಲದಲ್ಲಿ ನಾಲ್ಕು ಚಮಚ, ಒದ್ದೆ ಬಟ್ಟೆ, ನೀರು, ಒಂದಿಷ್ಟು ಚಿಲ್ಲರೆ ನೋಟು. ಮೊದಲ ಸುತ್ತು ಬರಿಗೈಯಲ್ಲಿ: ಯಾರೂ ಏನೂ ಕೊಳ್ಳುವಂತಿಲ್ಲ, ನೋಡುವುದಷ್ಟೇ. ಮಕ್ಕಳು ಗೊಣಗಿದರು. ಆದರೆ ಆ ಸುತ್ತಿನಲ್ಲೇ ನನಗೆ ಒಂದು ಗುಟ್ಟು ತಿಳಿಯಿತು. ಅತಿ ಉದ್ದದ ಸರದಿ ಇದ್ದದ್ದು ರುಚಿಗಲ್ಲ, ಫೋಟೋಗೆ. ಕಲ್ಲಂಗಡಿಯ ಹೊಟ್ಟೆ ಕೊರೆದು ಅದರಲ್ಲೇ ಶರಬತ್ತು ಕೊಡುವ ಅಂಗಡಿಯ ಮುಂದೆ ನೂರು ಮೊಬೈಲ್‌ಗಳಿದ್ದವು. ಪಕ್ಕದಲ್ಲಿ ಅಜ್ಜಿಯೊಬ್ಬರು ಹಿಟ್ಟು ನಾದುತ್ತಿದ್ದ ಅಂಗಡಿಯಲ್ಲಿ ಮೂರೇ ಜನ.

ಆ ಅಜ್ಜಿಯ ಮುಂದೆ ನಮ್ಮತ್ತೆ ನಿಂತುಬಿಟ್ಟರು. ಅಜ್ಜಿ ಮೈದಾ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಎಣ್ಣೆ ಸವರಿ, ಹೆಚ್ಚಿದ ಈರುಳ್ಳಿ ಸೊಪ್ಪನ್ನು ಉದುರಿಸಿ, ಚಾಪೆಯಂತೆ ಸುತ್ತಿ, ಆ ಹಗ್ಗವನ್ನು ಬಸವನಹುಳುವಿನಂತೆ ಸುರುಳಿ ಮಾಡಿ, ಅಂಗೈಯಿಂದ ಅದುಮಿ ಮತ್ತೆ ಲಟ್ಟಿಸುತ್ತಿದ್ದರು. ಕಾವಲಿಗೆ ಬಿದ್ದ ಮೇಲೆ ಎರಡು ಚಪ್ಪಟೆ ಕೋಲುಗಳಿಂದ ಅಂಚನ್ನು ಒಳಕ್ಕೆ ತಟ್ಟಿ ಪದರ ಬಿಡಿಸುತ್ತಿದ್ದರು. "ಇದು ನಮ್ಮ ಪರೋಟವೇ ಕಣಮ್ಮಾ, ಕೈ ಮಾತ್ರ ಬೇರೆ," ಎಂದರು ಅತ್ತೆ.

ಸಸ್ಯಾಹಾರಿಗೆ ಚೀನೀ ಭಾಷೆಯಲ್ಲಿ "ಚಿ ಸು" ಎನ್ನಬೇಕೆಂದು ನಾನು ಓದಿಕೊಂಡು ಬಂದಿದ್ದೆ. ಅತ್ತೆಯನ್ನು ತೋರಿಸಿ ಹೆಮ್ಮೆಯಿಂದ ಹಾಗೆಂದೆ. ಅಜ್ಜಿ ಗಾಬರಿಯಿಂದ ಎರಡೂ ಕೈ ಅಲ್ಲಾಡಿಸಿದರು, ಈರುಳ್ಳಿ ಸೊಪ್ಪನ್ನು ತೋರಿಸಿ ಬೇಡ ಬೇಡ ಎಂದರು. ನಮಗೆ ಅರ್ಥವಾಗಲಿಲ್ಲ. ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದುಕೊಂಡೆ. ಅವರ ಮೊಮ್ಮಗ ಬಂದು ಬಿಡಿಸಿ ಹೇಳಿದ: ಎಣ್ಣೆ ಸೋಯಾದ್ದು, ಮಾಂಸವೇನೂ ಇಲ್ಲ. ಆದರೆ ಬೌದ್ಧ ಪದ್ಧತಿಯ "ಸು" ಎಂದರೆ ಈರುಳ್ಳಿ, ಬೆಳ್ಳುಳ್ಳಿಗಳೂ ಇರಬಾರದು; ಅದಕ್ಕೇ ಅಜ್ಜಿ ತಡೆದದ್ದು.

ಅತ್ತೆಗೆ ಇದನ್ನು ಕನ್ನಡದಲ್ಲಿ ಹೇಳಿದಾಗ ಅವರ ಮುಖ ನೋಡಬೇಕಿತ್ತು. "ಅಂದರೆ ಇವರಲ್ಲೂ ಮಡಿ ಇದೆಯೇ?" ಎಂದು ಕೇಳಿದರು. ತಾವು ಬಿಡುವುದು ಏಕಾದಶಿಯಂಥ ದಿನಗಳಲ್ಲಿ ಮಾತ್ರ, ಇವತ್ತು ಅಡ್ಡಿಯಿಲ್ಲ ಎಂದು ನನ್ನ ಮೂಲಕ, ಮೊಮ್ಮಗನ ಮೂಲಕ, ಅಜ್ಜಿಗೆ ತಿಳಿಸಿದರು. ಆಮೇಲೆ ಬಿಸಿ ಪರೋಟ ಬಂತು. ನಾಲ್ಕು ತುಂಡು ಮಾಡಿಸಿ ಐವರು ಹಂಚಿಕೊಂಡೆವು. ಐದನೆಯವಳಾದ ನನಗೆ ಸಿಕ್ಕಿದ್ದು ಮಕ್ಕಳು ಬಿಟ್ಟ ಅಂಚು.

ಒಂದು ತಟ್ಟೆ ತಂದು ಎಲ್ಲರೂ ಹಂಚಿಕೊಂಡರೆ ಆರೇಳು ಬಗೆ ನೋಡಬಹುದು, ಕಿಸೆಗೂ ಹಿತ. ಸಕ್ಕರೆ ಪಾಕದಲ್ಲಿ ಅದ್ದಿದ ಸ್ಟ್ರಾಬೆರಿ ಕಡ್ಡಿ ಮಕ್ಕಳಿಗೆ. ಸೋಯಾ ಹಾಲಿನಿಂದ ಮಾಡುವ ನಾರುವ ತೋಫುವನ್ನು ನನ್ನವರೊಬ್ಬರೇ ತಿಂದರು, ಕಾರಿನವರೆಗೂ ಆ ವಾಸನೆ ಬಂತು. (ಸಸ್ಯಾಹಾರಿಗಳು ಕೇಳಿಯೇ ತಿನ್ನಿ: ಅದನ್ನು ಹುದುಗಿಸುವ ನೀರಿಗೆ ಕೆಲವರು ಸೀಗಡಿ ಹಾಕುತ್ತಾರೆ.) ಅತ್ತೆ ಮೆಚ್ಚಿದ್ದು ಬೋಬಾ ಚಹಾ. ಅದರ ಕಪ್ಪು ಗುಂಡುಗಳು ಮರಗೆಣಸಿನ ಪಿಷ್ಟದವು. ನಮ್ಮ ಅಂಗಡಿಯ ಸಬ್ಬಕ್ಕಿಯೂ ಅದರದ್ದೇ. "ಪಾಯಸವನ್ನು ಕೊಳವೆಯಲ್ಲಿ ಕುಡಿಯುವುದು," ಎಂದು ಅವರು ಅದಕ್ಕೆ ಹೆಸರಿಟ್ಟರು.

ಬೋಬಾದ ಸರದಿಯಲ್ಲಿ ಮಗಳು ಕುದುರೆಗಳೆಲ್ಲಿ ಎಂದು ಕೇಳಿದಳು. ಲಾಯಗಳು ಆಚೆ ಇವೆ ಎಂದೆ. ಅವಳಿಗೆ ಹನ್ನೊಂದು ವರ್ಷ, ತಿಳಿಯುತ್ತದೆ ಎನಿಸಿ ಇನ್ನೊಂದನ್ನೂ ಹೇಳಿದೆ: 1942ರಲ್ಲಿ ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಸರ್ಕಾರ ಜಪಾನೀ ಮೂಲದ 18,000ಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿ ಇಲ್ಲೇ ಕೂಡಿಹಾಕಿತ್ತು, ಎಷ್ಟೋ ಕುಟುಂಬಗಳು ಕುದುರೆ ಲಾಯಗಳಲ್ಲೇ ತಿಂಗಳುಗಟ್ಟಲೆ ಇದ್ದವು. ಅವಳು ಸುತ್ತ ನೋಡಿದಳು. ಎದುರಿಗೆ ಜಪಾನೀ ತಕೋಯಾಕಿ ಮಾಡುವವನು ಗುಳಿ ಗುಳಿಯ ಬಾಣಲೆಯಲ್ಲಿ ಉಂಡೆಗಳನ್ನು ಸೂಜಿಯಿಂದ ತಿರುವುತ್ತಿದ್ದ, ಥೇಟ್ ಪಡ್ಡು. "ಅವರು ಏನು ತಿನ್ನುತ್ತಿದ್ದರು?" ಎಂದಳು. ನನಗೆ ಹೇಳಲು ಗೊತ್ತಾಗಲಿಲ್ಲ. ಅಷ್ಟರಲ್ಲಿ ನಮ್ಮ ಸರದಿ ಬಂತು.

ಒಂಬತ್ತಕ್ಕೆ ಹೊರಟೆವು. ಒಳಗೆ ಬರುವ ಕಾರುಗಳ ಸಾಲು ಬೀದಿಯವರೆಗೂ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ ಕೊಳವೆಗೆ ಸಿಕ್ಕಿಕೊಂಡ ಕೊನೆಯ ಸಬ್ಬಕ್ಕಿಯನ್ನು ಎಳೆಯುತ್ತಾ, ಆ ಅಜ್ಜಿ ಹಿಟ್ಟಿಗೆ ಬಿಸಿ ನೀರು ಹಾಕಿದ್ದರೇ, ತಣ್ಣೀರೇ ಎಂದು ಕೇಳಬೇಕಿತ್ತು ಎಂದು ಎರಡು ಸಲ ಹೇಳಿದರು.