ಓಷನ್ ಬೀಚ್‌ನಲ್ಲಿ ಗಾಳಿ ನೋಡಲು ಕಲಿತ ಕಥೆ

ಗಂಗೊಳ್ಳಿಯಲ್ಲಿ ಬೆಳೆದವರಿಗೆ ಕಡಲಿನ ಲೆಕ್ಕ ಸುಲಭ. ಮಳೆಗಾಲ ಅಂದ್ರೆ ಕಡಲಿಗೆ ಇಳಿಯಬಾರದು. ಜೂನ್, ಜುಲೈ ಪೂರ್ತಿ ಬೋಟುಗಳೆಲ್ಲ ಬಂದರಿನಲ್ಲೇ. ಡಿಸೆಂಬರ್, ಜನವರಿ ಬಂತು ಅಂದ್ರೆ ಕಡಲು ಕೆರೆಯ ಹಾಗೆ. ಈ ಲೆಕ್ಕವನ್ನೇ ತಲೆಯಲ್ಲಿಟ್ಟುಕೊಂಡು ನಾನು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದೆ. ಇಲ್ಲಿ ಅದು ಪೂರ್ತಿ ಉಲ್ಟಾ ಅಂತ ಗೊತ್ತಾಗಲು ಒಂದು ಸಲ ಚೆನ್ನಾಗಿ ನೀರು ಕುಡಿಯಬೇಕಾಯಿತು.

ಸರ್ಫಿಂಗ್ ಕಲಿತಿದ್ದು ನಗರದ ದಕ್ಷಿಣಕ್ಕಿರುವ ಪೆಸಿಫಿಕಾ ಊರಿನ ಲಿಂಡಾ ಮಾರ್ ಬೀಚ್‌ನಲ್ಲಿ. ಹೊಸಬರೆಲ್ಲ ಅಲ್ಲಿಗೇ ಹೋಗುತ್ತಾರೆ. ದಡದ ಮೇಲೇ ಟ್ಯಾಕೋ ಬೆಲ್ ಅನ್ನೋ ಒಂದು ತಿಂಡಿ ಅಂಗಡಿ ಇದೆ. ಬಿದ್ದು ಎದ್ದು ಸುಸ್ತಾದವರೆಲ್ಲ ಒದ್ದೆ ವೆಟ್‌ಸೂಟ್‌ನಲ್ಲೇ (ಚಳಿ ತಡೆಯುವ ರಬ್ಬರ್ ಉಡುಪು) ಅಲ್ಲಿ ಸಾಲು ನಿಲ್ಲುತ್ತಾರೆ. ಒಂದು ಬೇಸಿಗೆ ಅಲ್ಲಿ ಕಳೆದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಬೇಡದ ಧೈರ್ಯ.

ಜನವರಿಯ ಒಂದು ಶನಿವಾರ. ಒಳ್ಳೆ ಬಿಸಿಲು, ಗಾಳಿಯೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಓಷನ್ ಬೀಚ್‌ನ ಮರಳು ದಿಬ್ಬದ ಮೇಲೆ ನಿಂತು ಐದು ನಿಮಿಷ ನೋಡಿದೆ. ಸೊಂಟದಷ್ಟು ಎತ್ತರದ ಅಲೆಗಳು, ಅಷ್ಟೇ. ಇಳಿದೆ. ಪ್ಯಾಡಲ್ ಮಾಡುವುದು ಇಷ್ಟು ಸುಲಭವಾ ಅನ್ನಿಸಿತು. ಬೋರ್ಡು ತಾನಾಗಿಯೇ ಮುಂದಕ್ಕೆ ಹೋಗುತ್ತಿತ್ತು. ನನ್ನ ಕೈಗೆ ಬಲ ಬಂದಿದೆ ಅಂದುಕೊಂಡೆ. ಬಲ ನನ್ನದಲ್ಲ, ರಿಪ್‌ನದ್ದು. ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳಿನ ನಡುವೆ ಕಾಲುವೆ ಮಾಡಿಕೊಂಡು ವಾಪಸ್ ಓಡುತ್ತದಲ್ಲ, ಅದೇ ನನ್ನನ್ನು ಹೊತ್ತುಕೊಂಡು ಹೋಗುತ್ತಿತ್ತು.

ಆಮೇಲೆ ಸೆಟ್ ಬಂತು, ಅಂದ್ರೆ ಒಂದರ ಹಿಂದೊಂದು ಬರುವ ದೊಡ್ಡ ಅಲೆಗಳ ಗುಂಪು. ಮೊದಲು ದೂರದಲ್ಲಿ ಒಂದು ಕಪ್ಪು ಗೆರೆ. ಅದರ ಹಿಂದೆ ಇನ್ನೊಂದು. ಹತ್ತಿರ ಬಂದಾಗ ಅದು ಗೆರೆಯಲ್ಲ, ಮನೆಯ ಗೋಡೆ. ಮೊದಲನೆಯದು ಬೋರ್ಡು ಕಿತ್ತುಕೊಂಡಿತು, ಎರಡನೆಯದು ನನ್ನನ್ನು ತಳಕ್ಕೆ ಒತ್ತಿತು. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗಲಿಲ್ಲ. ಬೋರ್ಡಿಗೂ ಕಾಲಿಗೂ ಕಟ್ಟಿದ ಹಗ್ಗ ಇತ್ತಲ್ಲ, ಅದನ್ನೇ ಹಿಡಿದು ಮೇಲೆ ಬಂದೆ. ದಡಕ್ಕೆ ಸಮವಾಗಿ, ಪಕ್ಕಕ್ಕೆ ಕೈ ಬೀಸುತ್ತಾ ಹೋಗಿ, ಕಡೆಗೆ ನೊರೆಯೇ ನನ್ನನ್ನು ದಡಕ್ಕೆ ನೂಕಿತು. ಬಂದು ಬಿದ್ದ ಜಾಗದಿಂದ ಕಾರಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ನಡಿಗೆ. ಬೆರಳು ಮರಗಟ್ಟಿ ಕೀಲಿ ತಿರುಗಿಸಲು ಆಗಲಿಲ್ಲ. ಪಕ್ಕದ ಕಾರಿನ ವಯಸ್ಸಾದ ಸರ್ಫರ್ ಒಬ್ಬರು ಬಾಗಿಲು ತೆಗೆದುಕೊಟ್ಟು ಒಂದೇ ಮಾತು ಕೇಳಿದರು: ‘ಬಾಯ್ ನೋಡಿದ್ಯಾ?’

ಅವರು ಹೇಳಿದ್ದು ಕಡಲಲ್ಲಿ ತೇಲುವ ಬಾಯ್ (buoy), ಅಲೆ ಗಾಳಿ ಅಳೆಯುವ ಯಂತ್ರ ಹೊತ್ತ ತೇಲುಬುರುಡೆ. ನಂಬರ್ 46026, ನಗರದಿಂದ ಪಶ್ಚಿಮಕ್ಕೆ ಸುಮಾರು 18 ನಾಟಿಕಲ್ ಮೈಲಿ ದೂರ. ಅಲೆಯ ಎತ್ತರ, ಒಂದು ಅಲೆಗೂ ಮುಂದಿನದಕ್ಕೂ ನಡುವೆ ಎಷ್ಟು ಸೆಕೆಂಡು, ಗಾಳಿ, ನೀರಿನ ಬಿಸಿ, ಎಲ್ಲ ಇಂಟರ್ನೆಟ್‌ನಲ್ಲಿ ಸುಮ್ನೆ ಸಿಗುತ್ತದೆ. ಆ ದಿನದ್ದನ್ನು ಮನೆಗೆ ಬಂದು ತೆಗೆದು ನೋಡಿದೆ. 6 ಅಡಿ, 17 ಸೆಕೆಂಡು. ನಾನು ಯಾವಾಗಲೂ ಅಡಿ ಮಾತ್ರ ನೋಡುತ್ತಿದ್ದೆ. ಸೆಕೆಂಡು ನೋಡಬೇಕು ಅಂತ ಯಾರೂ ಹೇಳಿರಲಿಲ್ಲ. 6 ಅಡಿ 8 ಸೆಕೆಂಡು ಅಂದ್ರೆ ಹತ್ತಿರದ ಗಾಳಿ ಎಬ್ಬಿಸಿದ ಗಜಿಬಿಜಿ. 6 ಅಡಿ 17 ಸೆಕೆಂಡು ಅಂದ್ರೆ ಎರಡು ಮೂರು ದಿನದ ಹಿಂದೆ ಅಲಾಸ್ಕಾ ಕಡೆ ಎಲ್ಲೋ ಎದ್ದ ಬಿರುಗಾಳಿಯ ಕೆಲಸ. ಅಂಥ ಅಲೆಯ ಕಾಲು ಆಳದವರೆಗೂ ಇರುತ್ತದೆ. ನೆಲ ತಾಗಿದ ಕೂಡಲೇ ಎದ್ದು ನಿಲ್ಲುತ್ತದೆ. ಸೆಟ್‌ಗಳ ನಡುವೆ ಹತ್ತು ಹದಿನೈದು ನಿಮಿಷ ಏನೂ ಇಲ್ಲದಿರಬಹುದು. ನನ್ನ ಐದು ನಿಮಿಷ ಬಿದ್ದಿದ್ದು ಆ ನಡುವಿನಲ್ಲಿ.

ಬಿರುಗಾಳಿ ಸಾವಿರಾರು ಕಿಲೋಮೀಟರ್ ಆಚೆ, ಬಿಸಿಲು ನನ್ನ ತಲೆಯ ಮೇಲೆ. ಹಾಗಾಗಿ ಇಲ್ಲಿ ಆಕಾಶ ನೋಡಿ ಕಡಲು ಹೇಳಲು ಆಗುವುದಿಲ್ಲ. ಅಮ್ಮ ಫೋನಿನಲ್ಲಿ ಇವತ್ತಿಗೂ ಕೇಳುವುದು ‘ಅಲ್ಲಿ ಮಳೆ ಇತ್ತಾ ಮಗಾ?’ ಅಂತ. ಇಲ್ಲ ಅಂದ್ರೆ ಅವಳಿಗೆ ಸಮಾಧಾನ. ಸೆಕೆಂಡಿನ ಕಥೆ ನಾನು ಹೇಳಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಸಲ ಹೋದಾಗ ನಾಲ್ಕು ಸಾಲು: ಅಡಿ, ಸೆಕೆಂಡು, ಗಾಳಿ ಯಾವ ಕಡೆಯಿಂದ, ಉಬ್ಬರವೋ ಇಳಿತವೋ. ಮೂರು ವರ್ಷ ಬರೆದ ಮೇಲೆ ನನ್ನದೇ ಒಂದು ಪಂಚಾಂಗ ಆಯಿತು.

ಅದರಲ್ಲಿ ಕೆಟ್ಟ ಪುಟಗಳು ಏಪ್ರಿಲ್, ಮೇ. ಆಗ ಪೆಸಿಫಿಕ್ ಮೇಲೆ ಒತ್ತಡ ಜಾಸ್ತಿ, ಒಳನಾಡು ಕಾದು ಅಲ್ಲಿ ಕಡಿಮೆ. ವಾಯುವ್ಯದ ಗಾಳಿ ದಿನಗಟ್ಟಲೆ ಹೊಡೆಯುತ್ತದೆ. ಮರಳು ಹಾರಿ ಬಂದು ಕಾಲಿಗೆ ಸೂಜಿ ಚುಚ್ಚಿದ ಹಾಗೆ. ಅಲೆಗೆ ಆಕಾರವೇ ಇರುವುದಿಲ್ಲ, ಯಾರೋ ಮಜ್ಜಿಗೆ ಕಡೆದಂತೆ ಇರುತ್ತದೆ. ಇನ್ನೊಂದು ಕಿರಿಕಿರಿ: ಈ ಗಾಳಿ, ಭೂಮಿ ತಿರುಗುವುದು ಎರಡೂ ಸೇರಿ ಮೇಲಿನ ನೀರನ್ನು ಕಡಲಿನ ಕಡೆಗೆ ಸರಿಸುತ್ತವೆ. ಆ ಜಾಗಕ್ಕೆ ಕೆಳಗಿನ ತಣ್ಣೀರು ಬರುತ್ತದೆ. ಊರಲ್ಲೆಲ್ಲ ವಸಂತ, ನೀರು ಮಾತ್ರ 10-12 ಡಿಗ್ರಿ. ಗಂಗೊಳ್ಳಿಯ 28 ಡಿಗ್ರಿ ನೀರಲ್ಲಿ ಈಜಿದವನಿಗೆ ಮೊದಲ ಡೈವ್‌ಗೇ ಹಣೆ ಸಿಡಿಯುತ್ತದೆ. ಐಸ್‌ಕ್ಯಾಂಡಿ ಗಬಕ್ಕನೆ ತಿಂದಾಗ ಆಗುತ್ತದಲ್ವಾ, ಹಾಗೆ. 4/3 ಮಿಲಿಮೀಟರ್ ವೆಟ್‌ಸೂಟ್, ಬೂಟೀಸ್, ತಲೆಗೆ ಹುಡ್ ಇಲ್ಲದೆ ನಾನು ಇಳಿಯುವುದಿಲ್ಲ. ಆ ತಿಂಗಳುಗಳಲ್ಲಿ ಹೋಗುವುದಿದ್ದರೆ ಬೆಳಗಿನ 6ಕ್ಕೇ ಹೋಗಬೇಕು. ಮಧ್ಯಾಹ್ನ ಹೋದವರು ಗಾಳಿಪಟ ಹಾರಿಸಬಹುದು.

ಬೇಸಿಗೆ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮಂಜು, ಚಿಕ್ಕ ಅಲೆ, ದಕ್ಷಿಣ ಗೋಳಾರ್ಧದಿಂದ ವಾರ ಕಳೆದು ಬರುವ ಸುಸ್ತಾದ ಸ್ವೆಲ್ (ದೂರದ ಬಿರುಗಾಳಿ ಎಬ್ಬಿಸಿ ಕಳಿಸಿದ ಅಲೆಗಳು). ಕಲಿಯುವವರಿಗೆ ಲಿಂಡಾ ಮಾರ್ ಒಳ್ಳೆಯದು.

ನನ್ನ ತಿಂಗಳು ಅಕ್ಟೋಬರ್. ವಾಯುವ್ಯದ ಗಾಳಿ ಸುಸ್ತಾಗಿರುತ್ತದೆ, ನೀರು 14-15 ಡಿಗ್ರಿಗೆ ಏರಿರುತ್ತದೆ. ಉತ್ತರದ ಮೊದಲ ಸ್ವೆಲ್‌ಗಳು ಬರತೊಡಗುತ್ತವೆ. ಮುಖ್ಯವಾಗಿ, ಬೆಳಿಗ್ಗೆ ಪೂರ್ವದಿಂದ ನೆಲಗಾಳಿ ಬೀಸುತ್ತದೆ. ಅಲೆಯ ಮುಖಕ್ಕೆ ಎದುರಾಗಿ ಬಂದು ಅದನ್ನು ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. ತುದಿಯಿಂದ ನೀರಿನ ಹುಡಿ ಹಿಂದಕ್ಕೆ ಹಾರುತ್ತದೆ. ಬಿಸಿಲು ಬಿದ್ದರೆ ಅದರಲ್ಲಿ ಸಣ್ಣ ಕಾಮನಬಿಲ್ಲು. ಅದೇ ಹೊತ್ತಿಗೆ ದೂರದ ಫ್ಯಾರಲನ್ ದ್ವೀಪಗಳ ಸುತ್ತ ಬಿಳಿ ಶಾರ್ಕ್‌ಗಳೂ ಸೇರುತ್ತವೆ. ಅದನ್ನೂ ಅಮ್ಮನಿಗೆ ಹೇಳಿಲ್ಲ.

ಕಳೆದ ಶನಿವಾರ ನವೆಂಬರ್‌ನ ಚಂದದ ಬಿಸಿಲು, ನೆಲಗಾಳಿ, ಹೊಸದಾಗಿ ವ್ಯಾಕ್ಸ್ ಹಚ್ಚಿದ ಬೋರ್ಡು. ಕಾರಿನಲ್ಲೇ ಕೂತು ಬಾಯ್ ನೋಡಿದೆ. 9 ಅಡಿ, 19 ಸೆಕೆಂಡು. ಬಾಯ್ ದಾಟಿದ ಅಲೆ ದಡಕ್ಕೆ ಬರಲು ಮುಕ್ಕಾಲು ಗಂಟೆ ಸಾಕು. ಫ್ಲಾಸ್ಕ್‌ನ ಟೀ ಬಗ್ಗಿಸಿಕೊಂಡು ದಿಬ್ಬದ ಮೇಲೆ ಕೂತೆ. ಹನ್ನೆರಡು ನಿಮಿಷ ಏನೂ ಇರಲಿಲ್ಲ. ಆಮೇಲೆ ದೂರದಲ್ಲಿ ಕಪ್ಪು ಗೆರೆ ಕಾಣಿಸಿತು.