ವಿದೇಶಿ ಖಾತೆಗೆ ಹಣ ಕಳುಹಿಸುವುದು ಹೇಗೆ? ಕಮಿಷನ್ ಕೇಳುವ ಮೊದಲು ದರ ಕೇಳಿ

ಜಯನಗರದ ನಮ್ಮ ಬೀದಿಯ ನಿವೃತ್ತ ಎಂಜಿನಿಯರ್ ಒಬ್ಬರು ಅಮೆರಿಕದಲ್ಲಿ ಓದುತ್ತಿರುವ ಮಗಳ ಶುಲ್ಕಕ್ಕೆಂದು ತಮ್ಮ ಬ್ಯಾಂಕಿನಿಂದ 8,000 ಡಾಲರ್ ಕಳುಹಿಸಿದ್ದರು. ವಿಶ್ವವಿದ್ಯಾಲಯದ ಖಾತೆಗೆ ಮುಟ್ಟಿದ್ದು 7,978. ಉಳಿದ 22 ಡಾಲರ್ ಬಾಕಿಯಿದೆಯೆಂದು ಮಗಳ ನೋಂದಣಿಗೆ ತಡೆ ಬಿತ್ತು; ಆ 22 ಡಾಲರನ್ನು ತಲುಪಿಸಲು ಮತ್ತೊಮ್ಮೆ ಸಾವಿರ ರೂಪಾಯಿಗೂ ಮೀರಿದ ಶುಲ್ಕ ತೆರಬೇಕಾಯಿತು. ಎರಡು ವಾರ ಅವರು ಶಾಖೆಗೆ ಅಲೆದು ಜಗಳವಾಡಿದ್ದು ಈ 22 ಡಾಲರಿಗಾಗಿ. ಆದರೆ ಅವರು ತಂದು ತೋರಿಸಿದ, ಖಾತೆಯಿಂದ ಹಣ ಕಳೆದದ್ದಕ್ಕೆ ಬ್ಯಾಂಕು ಕೊಡುವ ವಿವರಪತ್ರವಾದ ಡೆಬಿಟ್ ಅಡ್ವೈಸ್‌ನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅಂದಿನ ಮಾರುಕಟ್ಟೆ ದರಕ್ಕಿಂತ ಡಾಲರೊಂದಕ್ಕೆ 1 ರೂಪಾಯಿ 75 ಪೈಸೆ ಹೆಚ್ಚು ಹಿಡಿಯಲಾಗಿತ್ತು. ಹೀಗೆ 14,000 ರೂಪಾಯಿ ಸದ್ದಿಲ್ಲದೆ ಹೋಗಿತ್ತು, ಅದನ್ನು ಯಾರೂ ಕೇಳಿರಲಿಲ್ಲ.

ಮಕ್ಕಳು ಹೊರದೇಶದಲ್ಲಿರುವ ಬೆಂಗಳೂರಿನ ಹಲವು ಮನೆಗಳಲ್ಲಿ ಇದೇ ತಪ್ಪು ನಡೆಯುವುದನ್ನು ನೋಡಿದ್ದೇನೆ. ಆದ್ದರಿಂದ ಈ ಲೇಖನದಲ್ಲಿ ಸುಲಭದ ಹೆಜ್ಜೆಗಳನ್ನು ಬೇಗ ದಾಟಿ, ದರದ ಹೆಜ್ಜೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಹೆಜ್ಜೆ 1: ಉದ್ದೇಶವನ್ನು ಸರಿಯಾಗಿ ಬರೆಯಿರಿ

ರಿಸರ್ವ್ ಬ್ಯಾಂಕ್ 2004ರಲ್ಲಿ ಆರಂಭಿಸಿದ ಉದಾರೀಕೃತ ರವಾನೆ ಯೋಜನೆಯ (ಎಲ್‌ಆರ್‌ಎಸ್) ಪ್ರಕಾರ, ಭಾರತದ ನಿವಾಸಿಯೊಬ್ಬರು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಕಳುಹಿಸಬಹುದು. ಪ್ಯಾನ್ ಕಡ್ಡಾಯ, ಎ2 ಫಾರ್ಮ್ (ವಿದೇಶಕ್ಕೆ ಹಣ ಕಳುಹಿಸುವ ಅರ್ಜಿ) ತುಂಬಬೇಕು. ಈ ಫಾರ್ಮಿನಲ್ಲಿ ‘ಪರ್ಪಸ್ ಕೋಡ್’ ಎಂಬ ಅಂಕಣವಿದೆ. ಓದಿಗೆ ಸಂಬಂಧಿಸಿದ ಶುಲ್ಕ ಮತ್ತು ಹಾಸ್ಟೆಲ್ ಖರ್ಚಿಗೆ ಎಸ್0305, ಕುಟುಂಬದವರ ನಿರ್ವಹಣೆಗೆ ಎಸ್1301, ಉಡುಗೊರೆಗೆ ಎಸ್1302. ಮೂರೂ ಒಂದೇ ಎಂದುಕೊಂಡು ಗುಮಾಸ್ತರು ಹೇಳಿದ್ದನ್ನು ಬರೆದು ಬರುವವರು ಬಹಳ. ಇವು ಒಂದೇ ಅಲ್ಲ. ತೆರಿಗೆಯ ಹೆಜ್ಜೆಗೆ ಬಂದಾಗ ಈ ಸಂಖ್ಯೆಯ ಬೆಲೆ ತಿಳಿಯುತ್ತದೆ.

ಹೆಜ್ಜೆ 2: ಪಡೆಯುವವರ ವಿವರ

ಹೆಸರು ಆ ಖಾತೆಯಲ್ಲಿ ಇರುವ ಹಾಗೆಯೇ ಇರಬೇಕು. ಬ್ಯಾಂಕಿನ ಸ್ವಿಫ್ಟ್ ಕೋಡ್ (ದೇಶ ದೇಶಗಳ ಬ್ಯಾಂಕುಗಳು ಪರಸ್ಪರ ಸಂದೇಶ ಕಳುಹಿಸುವ ಜಾಲದಲ್ಲಿ ಆ ಬ್ಯಾಂಕಿನ ಗುರುತು) 8 ಅಥವಾ 11 ಅಕ್ಷರಗಳದ್ದು. ಯುರೋಪಿನ ಖಾತೆಗಳಿಗೆ ಐಬ್ಯಾನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆ ಬೇಕು (ಜರ್ಮನಿಯದ್ದಾದರೆ 22 ಅಕ್ಷರ). ಅಮೆರಿಕಕ್ಕೆ ಐಬ್ಯಾನ್ ಇಲ್ಲ, ಬ್ಯಾಂಕನ್ನು ಗುರುತಿಸುವ 9 ಅಂಕಿಯ ರೂಟಿಂಗ್ ನಂಬರ್. ಆಸ್ಟ್ರೇಲಿಯಾಕ್ಕೆ ಬ್ಯಾಂಕನ್ನೂ ಶಾಖೆಯನ್ನೂ ಗುರುತಿಸುವ 6 ಅಂಕಿಯ ಬಿಎಸ್‌ಬಿ. ಇವನ್ನು ಕೈಬರಹದಲ್ಲಿ ಬರೆದುಕೊಡಬೇಡಿ. ಮಗ ಅಥವಾ ಮಗಳು ಕಳುಹಿಸಿದ ಪಿಡಿಎಫ್‌ನಿಂದಲೇ ಮುದ್ರಿಸಿ ಫಾರ್ಮಿಗೆ ಲಗತ್ತಿಸಿ. ವಿಶ್ವವಿದ್ಯಾಲಯಕ್ಕೆ ಕಳುಹಿಸುವುದಾದರೆ ವಿದ್ಯಾರ್ಥಿಯ ಐಡಿ ಸಂಖ್ಯೆ ಸಂದೇಶದ ಅಂಕಣದಲ್ಲಿ ಇರಲೇಬೇಕು, ಇಲ್ಲವಾದರೆ ಹಣ ತಲುಪಿದರೂ ಯಾರದೆಂದು ಅವರಿಗೆ ತಿಳಿಯುವುದಿಲ್ಲ.

ಹೆಜ್ಜೆ 3: ದರ

ಇಲ್ಲಿ ಅವಸರ ಬೇಡ. ಪ್ರತಿ ಬ್ಯಾಂಕೂ ಬೆಳಗ್ಗೆ ತನ್ನ ದರಪಟ್ಟಿಯನ್ನು ಪ್ರಕಟಿಸುತ್ತದೆ. ಬ್ಯಾಂಕಿನವರು ಇದನ್ನು ‘ಕಾರ್ಡ್ ರೇಟ್’ ಎನ್ನುತ್ತಾರೆ. ಅದರಲ್ಲಿ ಒಂದೇ ಡಾಲರಿನ ಮುಂದೆ ಟಿಟಿ ಬೈಯಿಂಗ್, ಟಿಟಿ ಸೆಲ್ಲಿಂಗ್, ಬಿಲ್ ಬೈಯಿಂಗ್, ಬಿಲ್ ಸೆಲ್ಲಿಂಗ್, ನೋಟಿನ ದರ, ಟ್ರಾವೆಲ್ ಕಾರ್ಡ್ ದರ ಎಂದು ಐದಾರು ಸಂಖ್ಯೆಗಳಿರುತ್ತವೆ. ಟಿಟಿ ಎಂದರೆ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್, ಖಾತೆಯಿಂದ ಖಾತೆಗೆ ಹೋಗುವ ರವಾನೆ. ಬೈಯಿಂಗ್, ಸೆಲ್ಲಿಂಗ್ ಎಂಬುವು ಬ್ಯಾಂಕು ತನ್ನ ಕಡೆಯಿಂದ ಆಡುವ ಮಾತು. ನಾವು ಹಣ ಕಳುಹಿಸುವಾಗ ಬ್ಯಾಂಕು ನಮಗೆ ಡಾಲರ್ ಮಾರುತ್ತದೆ, ಆದ್ದರಿಂದ ನಮಗೆ ಅನ್ವಯಿಸುವುದು ಟಿಟಿ ಸೆಲ್ಲಿಂಗ್. ಟಿಟಿ ಬೈಯಿಂಗ್ ದರ ಕಡಿಮೆಯಿರುವುದನ್ನು ಕಂಡು ಸಂತೋಷಪಟ್ಟು, ಹಣ ಕಳೆದ ಮೇಲೆ ಮೋಸವಾಯಿತೆಂದು ಕೂಗಾಡಿದವರನ್ನು ನಾನೇ ಕೌಂಟರಿನಲ್ಲಿ ನೋಡಿದ್ದೇನೆ. ಎಂ.ಜಿ. ರಸ್ತೆಯ ವಿನಿಮಯ ಅಂಗಡಿಗಳ ಫಲಕದಲ್ಲಿ ಕಾಣುವುದೂ ಹೆಚ್ಚಾಗಿ ನೋಟಿನ ದರ. ನೋಟುಗಳನ್ನು ತರಿಸಿ, ಇಟ್ಟು, ಕಾಯುವ ಖರ್ಚು ಅದರಲ್ಲಿ ಸೇರಿರುವುದರಿಂದ ಖಾತೆಯ ರವಾನೆಗೆ ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಹಾಗಾದರೆ ಅಳತೆಗೋಲು ಯಾವುದು? ಮೊಬೈಲಿನಲ್ಲಿ ಹುಡುಕಿದಾಗ ಕಾಣುವ ಮಧ್ಯದ ದರ. ಬ್ಯಾಂಕುಗಳು ತಮ್ಮತಮ್ಮೊಳಗೆ ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ಬಿಂದು ಅದು. ಆ ದರಕ್ಕೆ ನಮಗೆ ಯಾರೂ ಡಾಲರ್ ಕೊಡುವುದಿಲ್ಲ, ಕೊಡಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವೂ ಇಲ್ಲ. ಆದರೆ ಬ್ಯಾಂಕು ಹೇಳಿದ ದರ ಅದರಿಂದ ಎಷ್ಟು ಪೈಸೆ ಮೇಲಿದೆ ಎಂಬುದೇ ನೀವು ಕೊಡುತ್ತಿರುವ ನಿಜವಾದ ಶುಲ್ಕ. ಮೊಬೈಲಿನ ಸಂಖ್ಯೆಯ ಮೇಲೆ ನಂಬಿಕೆ ಇಲ್ಲದವರು, ಮಾರುಕಟ್ಟೆಯ ಮಾನದಂಡ ದರಗಳನ್ನು ಲೆಕ್ಕ ಹಾಕುವ ಎಫ್‌ಬಿಐಎಲ್ ಸಂಸ್ಥೆ ಪ್ರತಿ ಕೆಲಸದ ದಿನ ಮಧ್ಯಾಹ್ನ ಪ್ರಕಟಿಸುವ ಉಲ್ಲೇಖ ದರವನ್ನು ನೋಡಬಹುದು. ಎರಡು ದರಗಳನ್ನೂ ಒಂದೇ ಹೊತ್ತಿಗೆ ನೋಡುವುದು ಮುಖ್ಯ; ಬೆಳಗಿನ ಮಾರುಕಟ್ಟೆ ದರಕ್ಕೆ ಸಂಜೆಯ ಬ್ಯಾಂಕ್ ದರವನ್ನು ಹೋಲಿಸಿದರೆ ಏನೂ ತಿಳಿಯದು.

ಈಗ ಲೆಕ್ಕ. ಸುಲಭವಾಗಲೆಂದು ಮಧ್ಯದ ದರ 90 ರೂಪಾಯಿ ಎಂದಿಟ್ಟುಕೊಳ್ಳೋಣ, ಕಳುಹಿಸಬೇಕಾದದ್ದು 10,000 ಡಾಲರ್. ಮೊದಲನೆಯ ಬ್ಯಾಂಕು ‘ಕಮಿಷನ್ ಸೊನ್ನೆ’ ಎಂದು ಹೇಳಿ 91.80ರ ದರ ಕೊಡುತ್ತದೆ. ಎರಡನೆಯದು 1,000 ರೂಪಾಯಿ ಕಮಿಷನ್ ಕೇಳಿ 90.60ರ ದರ ಕೊಡುತ್ತದೆ. ಮೊದಲನೆಯದರಲ್ಲಿ ಡಾಲರಿನ ಬೆಲೆಯೇ 9,18,000 ರೂಪಾಯಿ. ಎರಡನೆಯದರಲ್ಲಿ 9,06,000, ಅದಕ್ಕೆ ಕಮಿಷನ್ನು ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ 1,180. ಹಣ ಬದಲಾಯಿಸುವ ಸೇವೆಗೆ ಪ್ರತ್ಯೇಕ ಜಿಎಸ್‌ಟಿ ಎರಡರಲ್ಲೂ ಇದೆ. ಇದು ಪೂರ್ತಿ ಮೊತ್ತದ ಶೇ 18 ಎಂದು ಹೆದರಬೇಡಿ. 1 ಲಕ್ಷದವರೆಗೆ ಮೊತ್ತದ ಶೇ 1ನ್ನು (ಕನಿಷ್ಠ 250 ರೂಪಾಯಿ), 1 ಲಕ್ಷದಿಂದ 10 ಲಕ್ಷದವರೆಗೆ 1,000 ರೂಪಾಯಿ ಮತ್ತು 1 ಲಕ್ಷ ಮೀರಿದ ಭಾಗದ ಶೇ 0.5ನ್ನು, 10 ಲಕ್ಷ ದಾಟಿದರೆ 5,500 ರೂಪಾಯಿ ಮತ್ತು ಮೀರಿದ ಭಾಗದ ಶೇ 0.1ನ್ನು (ಗರಿಷ್ಠ 60,000) ಸೇವೆಯ ಮೌಲ್ಯವೆಂದು ಹಿಡಿದು, ಆ ಮೌಲ್ಯದ ಮೇಲೆ ಮಾತ್ರ ಶೇ 18 ಹಾಕುತ್ತಾರೆ. ನಮ್ಮ ಉದಾಹರಣೆಯಲ್ಲಿ ಇದು ಕ್ರಮವಾಗಿ 916 ಮತ್ತು 905 ರೂಪಾಯಿ. ಒಟ್ಟು ನೋಡಿದರೆ ‘ಸೊನ್ನೆ ಕಮಿಷನ್’ ಬ್ಯಾಂಕಿಗೆ 9,18,916 ರೂಪಾಯಿ, ಕಮಿಷನ್ ಕೇಳಿದ ಬ್ಯಾಂಕಿಗೆ 9,08,085. ಸೊನ್ನೆಯ ಬೆಲೆ 10,831 ರೂಪಾಯಿ.

ಆದ್ದರಿಂದ ಬ್ಯಾಂಕಿಗೆ ಫೋನ್ ಮಾಡಿದಾಗ ‘ಚಾರ್ಜ್ ಎಷ್ಟು?’ ಎಂದು ಕೇಳಬೇಡಿ. ‘ಈಗ, ಈ ಕ್ಷಣದ ದರದಲ್ಲಿ, ಅಲ್ಲಿಗೆ 10,000 ಡಾಲರ್ ಪೂರ್ತಿ ಮುಟ್ಟಬೇಕಾದರೆ ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಕಳೆಯುತ್ತೀರಿ?’ ಎಂದು ಕೇಳಿ. ಬಂದ ಉತ್ತರವನ್ನು ಡಾಲರ್‌ಗಳ ಸಂಖ್ಯೆಯಿಂದ ಭಾಗಿಸಿ. ಹೋಲಿಸಬೇಕಾದ ಸಂಖ್ಯೆ ಅದೊಂದೇ.

ಕಾರ್ಡ್ ರೇಟ್ ಅಂತಿಮವೂ ಅಲ್ಲ. ಶಾಖೆಯವರು ತಮ್ಮ ಟ್ರೆಷರಿ ವಿಭಾಗಕ್ಕೆ ಕರೆ ಮಾಡಿ ಉತ್ತಮ ದರ ಕೇಳಲು ಸಾಧ್ಯವಿದೆ, ಆದರೆ ಗ್ರಾಹಕರು ಕೇಳದೆ ಅವರು ಕೇಳುವುದು ಅಪರೂಪ. ಗಾಂಧಿ ಬಜಾರಿನಲ್ಲಿ ಒಂದು ಮೊಳ ಮಲ್ಲಿಗೆಗೆ ಚೌಕಾಸಿ ಮಾಡುವ ನಾವು ಬ್ಯಾಂಕಿನ ಗಾಜಿನ ಮುಂದೆ ಬಾಯಿ ಮುಚ್ಚಿ ನಿಲ್ಲುತ್ತೇವೆ. 5,000 ಡಾಲರ್ ದಾಟಿದ ಯಾವ ರವಾನೆಯನ್ನೂ ಕಾರ್ಡ್ ರೇಟಿನಲ್ಲಿ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಎಂಜಿನಿಯರರು ಎರಡನೆಯ ಸೆಮಿಸ್ಟರಿನ ಶುಲ್ಕ ಕಟ್ಟುವಾಗ ಇನ್ನೊಂದು ಬ್ಯಾಂಕಿನ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲಿಟ್ಟರು. ಫಾರೆಕ್ಸ್ ಡೆಸ್ಕಿನ ಹುಡುಗ ಚೀಟಿ ನೋಡಿ, ‘ಐದು ನಿಮಿಷ ಕೂತಿರಿ ಸರ್’ ಎಂದು ಒಳಗೆ ಹೋಗಿ ಬಂದು ಮಧ್ಯದ ದರದಿಂದ 60 ಪೈಸೆಯ ಅಂತರಕ್ಕೆ ಒಪ್ಪಿದನಂತೆ. ಹಿಂದಿನ ಸಲ 1 ರೂಪಾಯಿ 75 ಪೈಸೆ ಹಿಡಿದಿದ್ದ ಅದೇ ಶಾಖೆ, ಅದೇ ಮೇಜು.

ಫಾರ್ಮ್ ಕೊಟ್ಟ ಹೊತ್ತಿನ ದರವೇ ನಿಮಗೆ ಸಿಗುತ್ತದೆಂಬ ಖಾತರಿ ಇಲ್ಲ. ದಾಖಲೆ ಪರಿಶೀಲನೆ ಮುಗಿದು ಹಣ ಕಳೆಯುವ ಹೊತ್ತಿನ ದರ ಅನ್ವಯವಾಗಬಹುದು. ದರವನ್ನು ‘ಬುಕ್’ ಮಾಡಿ, ಆ ಸಂಖ್ಯೆಯನ್ನು ಇಮೇಲ್ ಮಾಡಿರೆಂದು ಹೇಳಿ. ಶನಿವಾರ, ಭಾನುವಾರ ಮಾರುಕಟ್ಟೆಗೆ ರಜೆಯಿರುವುದರಿಂದ ಕೆಲವು ಸೇವೆಗಳು ಆ ಎರಡು ದಿನ ತಮ್ಮ ಸುರಕ್ಷತೆಗೆಂದು ಅಂತರವನ್ನು ಹೆಚ್ಚಿಸಿಕೊಳ್ಳುತ್ತವೆ. ವಾರದ ನಡುವಿನ ದಿನ, ಮಧ್ಯಾಹ್ನಕ್ಕೆ ಮೊದಲು ಹೋಗುವುದು ಲೇಸು. ಕರೆನ್ಸಿಯನ್ನೂ ಗಮನಿಸಿ. ಕೆನಡಾದ ಖಾತೆಗೆ ಅಮೆರಿಕನ್ ಡಾಲರ್ ಕಳುಹಿಸಿದರೆ ಇಲ್ಲೊಮ್ಮೆ, ಅಲ್ಲೊಮ್ಮೆ ಎಂದು ಎರಡು ಸಲ ಬದಲಾಗಿ ಎರಡು ಅಂತರಗಳನ್ನು ತೆರುತ್ತೀರಿ. ಖಾತೆ ಯಾವ ಕರೆನ್ಸಿಯಲ್ಲಿದೆಯೋ ಅದರಲ್ಲೇ ಕಳುಹಿಸಬೇಕು.

ಅಡ್ಡದಾರಿಗಳ ಬಗ್ಗೆ ಎರಡು ಮಾತು. ಶುಲ್ಕವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ ಪಾಯಿಂಟ್ಸ್ ಗಳಿಸುತ್ತೇನೆಂದು ಹೊರಡುವವರು, ಹಲವು ಕಾರ್ಡುಗಳು ಶೇ 3.5ರವರೆಗೆ ವಿದೇಶಿ ವಿನಿಮಯ ಮಾರ್ಕಪ್, ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತವೆಂಬುದನ್ನು ಮೊದಲು ನೋಡಲಿ. ‘ಇಲ್ಲಿ ನನಗೆ ರೂಪಾಯಿ ಕೊಡಿ, ಅಲ್ಲಿ ನನ್ನ ಭಾವ ಡಾಲರ್ ಕೊಡುತ್ತಾರೆ’ ಎನ್ನುವ ಪರಿಚಯಸ್ಥರ ಏರ್ಪಾಡು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) ಉಲ್ಲಂಘನೆ, ಅದರ ತಂಟೆಗೇ ಹೋಗಬೇಡಿ. ಸಿಂಗಪುರಕ್ಕೆ ಸಣ್ಣ ಮೊತ್ತ ಕಳುಹಿಸುವವರಿಗೆ ಮಾತ್ರ ಒಂದು ಒಳ್ಳೆಯ ದಾರಿಯಿದೆ: 2023ರ ಫೆಬ್ರವರಿಯಿಂದ ನಮ್ಮ ಯುಪಿಐ ಅಲ್ಲಿನ ಪೇನೌ ವ್ಯವಸ್ಥೆಗೆ ಜೋಡಣೆಯಾಗಿದ್ದು, ಈ ಸೌಲಭ್ಯವಿರುವ ಬ್ಯಾಂಕುಗಳ ಗ್ರಾಹಕರು ಮೊಬೈಲಿನಿಂದಲೇ ಕಳುಹಿಸಬಹುದು.

ಹೆಜ್ಜೆ 4: ದಾರಿಯಲ್ಲಿ ಕಳೆಯುವ ಡಾಲರ್

ಸ್ವಿಫ್ಟ್ ಹಣವನ್ನು ಹೊರುವುದಿಲ್ಲ, ಸಂದೇಶವನ್ನು ಮಾತ್ರ ಹೊರುತ್ತದೆ. ನಿಮ್ಮ ಬ್ಯಾಂಕಿಗೂ ಅಲ್ಲಿಯ ಬ್ಯಾಂಕಿಗೂ ನೇರ ಖಾತೆ ಸಂಬಂಧವಿಲ್ಲದಿದ್ದರೆ ನಡುವೆ ಒಂದೋ ಎರಡೋ ಮಧ್ಯವರ್ತಿ ಬ್ಯಾಂಕುಗಳ ಮೂಲಕ ಹಣ ಸಾಗುತ್ತದೆ, ಅವು ತಮ್ಮ ಪಾಲನ್ನು ಮುರಿದುಕೊಳ್ಳುತ್ತವೆ. ಆ ಪಾಲನ್ನು ಯಾರು ಭರಿಸಬೇಕೆಂದು ಫಾರ್ಮಿನಲ್ಲಿ ಮೂರು ಆಯ್ಕೆಗಳಿವೆ: ಅವರ್, ಶಾ, ಬೆನ್. ‘ಅವರ್’ ನಮ್ಮ ಕಿವಿಗೆ ‘ಅವರ’ ಎಂದು ಕೇಳಿಸಿದರೂ ಇಂಗ್ಲಿಷಿನಲ್ಲಿ ಅದು ‘ನಮ್ಮದು’. ಎಲ್ಲ ಖರ್ಚು ಕಳುಹಿಸುವವರ ಮೇಲೆ. ‘ಶಾ’ದಲ್ಲಿ ಇಲ್ಲಿಯ ಖರ್ಚು ನಮ್ಮದು, ದಾರಿಯದ್ದೂ ಅಲ್ಲಿಯದ್ದೂ ಪಡೆಯುವವರದ್ದು. ‘ಬೆನ್’ನಲ್ಲಿ ಎಲ್ಲವೂ ಪಡೆಯುವವರ ತಲೆಗೆ. ಎಂಜಿನಿಯರರು ಈ ಅಂಕಣವನ್ನು ಖಾಲಿ ಬಿಟ್ಟಿದ್ದರು, ಆಮೇಲೆ ಯಾರೋ ‘ಶಾ’ಗೆ ಟಿಕ್ ಹಾಕಿದ್ದರು. 22 ಡಾಲರ್ ಹೋದದ್ದು ಆ ಟಿಕ್‌ನಿಂದ.

ಶುಲ್ಕ, ಬಾಡಿಗೆ, ಮುಂಗಡ ಹೀಗೆ ನಿಖರ ಮೊತ್ತ ಮುಟ್ಟಬೇಕಾದ ಕಡೆಗೆ ‘ಅವರ್’ ಅನ್ನೇ ಆರಿಸಿ, ಅದರ ಶುಲ್ಕವನ್ನು ಮೊದಲೇ ಕೇಳಿ ಒಟ್ಟು ಲೆಕ್ಕಕ್ಕೆ ಸೇರಿಸಿ. ಹಾಗೆ ಮಾಡಿದರೂ ಅಲ್ಲಿಯ ಬ್ಯಾಂಕು ಒಳಬರುವ ಹಣಕ್ಕೆ ತನ್ನದೇ ಶುಲ್ಕ ಹಿಡಿಯುವುದುಂಟು. ‘ಪೂರ್ಣ ಮೌಲ್ಯ’ದ ರವಾನೆ ಇದೆಯೇ ಎಂದು ವಿಚಾರಿಸಿ. ಮಗನ ಕೈಖರ್ಚಿಗೆ ಕಳುಹಿಸುವಾಗ ‘ಶಾ’ ಸಾಕು.

ಹೆಜ್ಜೆ 5: ಟಿಸಿಎಸ್

ಟಿಸಿಎಸ್ ಎಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ. ಇದು ಶುಲ್ಕವಲ್ಲ, ಮುಂಗಡ ತೆರಿಗೆಯಂತೆ ಕಡಿತವಾಗಿ ನಿಮ್ಮ ಪ್ಯಾನ್‌ಗೆ ಜಮೆಯಾಗುವ ಹಣ. ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಸಂಬಳದಾರರು ಕಚೇರಿಗೆ ತಿಳಿಸಿದರೆ ಸಂಬಳದ ಟಿಡಿಎಸ್‌ನಲ್ಲೇ ಹೊಂದಿಕೆಯಾಗುತ್ತದೆ. 2025ರ ಏಪ್ರಿಲ್ 1ರಿಂದ, ವರ್ಷದ ರವಾನೆಗಳೆಲ್ಲ ಸೇರಿ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಮಾತ್ರ ಇದು ಅನ್ವಯ. ಸಾಮಾನ್ಯ ಉದ್ದೇಶಗಳಿಗೆ ಶೇ 20. ಶಿಕ್ಷಣ ಮತ್ತು ಚಿಕಿತ್ಸೆಗೆ ಅದಕ್ಕಿಂತ ಬಹಳ ಕಡಿಮೆ, ಬಜೆಟ್ಟಿನಲ್ಲಿ ಬದಲಾಗುವ ದರವಾದ್ದರಿಂದ ಆ ವರ್ಷದ್ದನ್ನು ಕೇಳಿಕೊಳ್ಳಿ. ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳುಹಿಸಿದರೆ ಏನೂ ಇಲ್ಲ. ಮೊದಲ ಹೆಜ್ಜೆಯಲ್ಲಿ ಹೇಳಿದ ಕೋಡಿನ ಮಹತ್ವ ಇಲ್ಲಿದೆ. ವಿದ್ಯಾರ್ಥಿಯ ಓದಿಗೆ ಬೇಕಾದ ದಿನನಿತ್ಯದ ಖರ್ಚೂ ಶಿಕ್ಷಣದ ವ್ಯಾಪ್ತಿಗೆ ಸೇರುತ್ತದೆ. ಅದನ್ನು ಕುಟುಂಬ ನಿರ್ವಹಣೆಯೆಂದು ಬರೆದರೆ ಶೇ 20ರಷ್ಟು ಹಣ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಮಿತಿ ಒಬ್ಬೊಬ್ಬರ ಪ್ಯಾನ್‌ಗೆ ಪ್ರತ್ಯೇಕವಾದ್ದರಿಂದ, ಅಪ್ಪ ಅಮ್ಮ ಇಬ್ಬರೂ ತಮ್ಮತಮ್ಮ ಖಾತೆಯಲ್ಲಿರುವ ಸ್ವಂತ ಹಣದಿಂದ ಭಾಗ ಮಾಡಿ ಕಳುಹಿಸುವುದು ಒಳ್ಳೆಯದು.

ಹೆಜ್ಜೆ 6: ಕಳುಹಿಸಿ, ಕಾಗದ ಇಟ್ಟುಕೊಳ್ಳಿ

ಹಣ ಹೊರಟ ದಿನವೇ ‘ಸ್ವಿಫ್ಟ್ ಕಾಪಿ’ (ಬ್ಯಾಂಕು ಕಳುಹಿಸಿದ ಸಂದೇಶದ ಪ್ರತಿ) ಕೇಳಿ ಪಡೆಯಿರಿ. ಅದರಲ್ಲಿ ಯುಇಟಿಆರ್ ಎಂಬ ಉದ್ದನೆಯ ಸಂಖ್ಯೆಯಿರುತ್ತದೆ; ಹಣ ನಡುದಾರಿಯಲ್ಲಿ ಎಲ್ಲಿ ನಿಂತಿದೆ, ಯಾವ ಬ್ಯಾಂಕು ಎಷ್ಟು ಮುರಿದುಕೊಂಡಿತು ಎಂಬುದನ್ನು ಶಾಖೆಯವರು ಅದರಿಂದಲೇ ಹುಡುಕಬಲ್ಲರು. ಡೆಬಿಟ್ ಅಡ್ವೈಸ್‌ನಲ್ಲಿರುವ ದರವನ್ನು ಇಮೇಲಿನಲ್ಲಿ ಬುಕ್ ಮಾಡಿದ ದರದೊಂದಿಗೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಅಂದೇ ಬರೆದು ಕೇಳಿ. ಟಿಸಿಎಸ್ ಕಡಿತವಾಗಿದ್ದರೆ ಆ ತ್ರೈಮಾಸಿಕ ಮುಗಿದು ಬ್ಯಾಂಕು ತನ್ನ ವಿವರ ಸಲ್ಲಿಸಿದ ಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿಗೆ ಕಾಣಿಸಿಕೊಳ್ಳುತ್ತದೆ. ಆಗಲೂ ಕಾಣದಿದ್ದರೆ ಫಾರ್ಮಿನಲ್ಲಿ ಪ್ಯಾನ್‌ನ ಯಾವುದೋ ಅಕ್ಷರ ತಪ್ಪಿರುವ ಸಾಧ್ಯತೆ ಇದೆ. ಅಡ್ವೈಸ್‌ನ ಪ್ರತಿ ಹಿಡಿದು ಶಾಖೆಗೆ ಹೋಗಿ, ರಿಟರ್ನಿನ ಕೊನೆಯ ದಿನಾಂಕಕ್ಕೆ ಮೊದಲೇ ತಿದ್ದಿಸಿಕೊಳ್ಳಿ.